ಲಿಂಗಂಪಲ್ಲಿಯ ಪಾಠಶಾಲೆ

ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಆಳ್ವಿಕೆಯ ಕೊನೆಗಾಲ. 1908ರ ಮೂಸಿ ಪ್ರವಾಹದ ಹೊಡೆತದಿಂದ ಹೈದರಾಬಾದು ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಕಚೇರಿಗಳಲ್ಲಿ ಉರ್ದು, ಬೀದಿಗಳಲ್ಲಿ ತೆಲುಗು ಮತ್ತು ದಖನಿ. ಕಲಬುರಗಿ, ಬೀದರ, ರಾಯಚೂರುಗಳಿಂದ ಹೊಟ್ಟೆಪಾಡಿಗೆ ಬಂದವರ ಮನೆಗಳಲ್ಲಿ ಕನ್ನಡ. ಆ ನಗರದ ಈಸಾಮಿಯಾ ಬಜಾರಿನಲ್ಲಿ, ಕಾಚಿಗುಡದ ಮಗ್ಗುಲಿನ ಲಿಂಗಂಪಲ್ಲಿಯಲ್ಲಿ, 1910ರಲ್ಲಿ ಎರಡು ಚಿಕ್ಕ ಪಾಠಶಾಲೆಗಳು ಬಾಗಿಲು ತೆರೆದವು. ಅಸ್ಪೃಶ್ಯರೆಂದು ಬೇರೆ ಶಾಲೆಗಳಲ್ಲಿ ಪ್ರವೇಶ ಸಿಗುವುದು ಕಷ್ಟವಾಗಿದ್ದ ಮಾಲ, ಮಾದಿಗ ಮಕ್ಕಳು ಅಲ್ಲಿ ತೆಲುಗು ಅಕ್ಷರ ತಿದ್ದತೊಡಗಿದರು.

ಅವನ್ನು ಕಟ್ಟಿದವರಿಗೆ ಆಗ ವಯಸ್ಸು ಇಪ್ಪತ್ತೆರಡು. 1888ರ ಮೇ 22ರಂದು ಮಾಲ ಕುಟುಂಬದಲ್ಲಿ ಹುಟ್ಟಿದ ಮಾದರಿ ಭಾಗಯ್ಯ ಬ್ಯಾರಿಸ್ಟರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದು ಓದು ಕಲಿತವರು. ಮುಂದೆ ಲೋಕ ಅವರನ್ನು ಭಾಗ್ಯರೆಡ್ಡಿ ವರ್ಮ ಎಂದು ಕರೆಯಿತು. 1906ರಲ್ಲೇ ಜಗನ್ಮಿತ್ರ ಮಂಡಳಿ ಕಟ್ಟಿ, ಕೇರಿ ಕೇರಿಗಳಲ್ಲಿ ಹರಿಕಥೆ ನಡೆಸಿ, ಹೆಂಡ ಬಿಡಿ, ಹೆಣ್ಣುಮಕ್ಕಳನ್ನು ದೇವರಿಗೆ ಜೋಗಿಣಿಯಾಗಿ ಬಿಡಬೇಡಿ ಎಂದು ಹೇಳುತ್ತಿದ್ದರು. ಹರಿಕಥೆಗೆ ಜನ ಸೇರುತ್ತಿದ್ದರು. ಆದರೆ ಓದು ಬಾರದ ಕೇರಿಗೆ ಬರೀ ಉಪದೇಶ ಎಷ್ಟು ದಿನ ಆದೀತು?

ಹಾಗಾದರೆ ಬೇರೆ ಶಾಲೆಯೇ ಏಕೆ? ಸರ್ಕಾರಿ ಶಾಲೆಗಳಿರಲಿಲ್ಲವೇ? ಇದಕ್ಕೆ ಉತ್ತರ ಹುಡುಕಲು ಅರ್ಧ ಶತಮಾನ ಹಿಂದಕ್ಕೆ, ನಮ್ಮ ಧಾರವಾಡಕ್ಕೆ ಹೋಗಬೇಕು.

1856ರ ಜೂನ್ ತಿಂಗಳು. ಮಹಾರ ಹುಡುಗನೊಬ್ಬ ತನ್ನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಚರಿತ್ರೆ ಅವನನ್ನು ಇಂದಿಗೂ ‘ಮಹಾರ ಹುಡುಗ’ನೆಂದೇ ಕರೆಯುತ್ತದೆ. ಸರ್ಕಾರದ ಉತ್ತರ ನಯವಾಗಿತ್ತು: ನ್ಯಾಯವೇನೋ ನಿನ್ನ ಕಡೆಗಿದೆ, ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ಭಾವನೆಗಳನ್ನು ಕೆಣಕಿದರೆ ವಿದ್ಯಾಭ್ಯಾಸದ ಕಾರ್ಯಕ್ಕೇ ಧಕ್ಕೆ. ಹುಡುಗನನ್ನು ಬೈದು ಕಳಿಸಿದ್ದರೂ ಇಷ್ಟು ಕೇಡಾಗುತ್ತಿರಲಿಲ್ಲವೇನೋ. ಸರಿ ಯಾವುದೆಂದು ಒಪ್ಪಿಕೊಂಡೂ ಬಾಗಿಲು ಹಾಕುವ ವಿದ್ಯೆಯನ್ನು ಆಮೇಲಿನ ಎಷ್ಟೋ ಸರ್ಕಾರಗಳು ಈ ಕಾಗದದಿಂದಲೇ ಕಲಿತಂತಿದೆ.

ಕಲ್ಕತ್ತೆಯ ಭಾರತ ಸರ್ಕಾರ ಇದನ್ನು ಮೆಚ್ಚಲಿಲ್ಲ. ವಿಷಯ ಲಂಡನ್ನಿನವರೆಗೂ ಹೋಯಿತು. ಕೊನೆಗೆ 1858ರಲ್ಲಿ ಮುಂಬಯಿ ಸರ್ಕಾರ ಹೊರಡಿಸಿದ ತೀರ್ಮಾನವೆಂದರೆ, ಪೂರ್ತಿ ಸರ್ಕಾರಿ ಖರ್ಚಿನ ಶಾಲೆಗಳು ಎಲ್ಲ ಜಾತಿಯವರಿಗೂ ಮುಕ್ತ. ಊರವರ ವಂತಿಗೆ ಸೇರಿದ ಶಾಲೆಗಳ ಮೇಲೆ ಮಾತ್ರ ಒತ್ತಾಯವಿಲ್ಲ; ಅವು ಭೇದ ಮಾಡಿದರೆ ನೆರವು ನಿಲ್ಲಿಸುವ ಹಕ್ಕನ್ನು ಸರ್ಕಾರ ಇಟ್ಟುಕೊಳ್ಳುತ್ತದೆ. ಹಕ್ಕು ಇಟ್ಟುಕೊಳ್ಳುವುದು ಬೇರೆ, ಚಲಾಯಿಸುವುದು ಬೇರೆ. 1882ರ ಹಂಟರ್ ಆಯೋಗ ಮುಕ್ತ ಪ್ರವೇಶದ ತತ್ವವನ್ನು ಎತ್ತಿ ಹಿಡಿಯಿತು. ಜೊತೆಗೇ ಕೆಳಜಾತಿಯವರಿಗೆ ಪ್ರತ್ಯೇಕ ಶಾಲೆಗಳನ್ನೂ ಸೂಚಿಸಿತು.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಇಂಥದೇ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಉಂಡರು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ವಿದ್ಯಾ ಇಲಾಖೆಯಲ್ಲಿದ್ದ ಸಿ. ಆರ್. ರೆಡ್ಡಿಯವರ ಆಸ್ಥೆಯಿಂದ, 1915ರ ಹೊತ್ತಿಗೆ, ಆಗ ‘ಪಂಚಮ’ರೆಂದು ಕರೆಯುತ್ತಿದ್ದ ಅಸ್ಪೃಶ್ಯ ಜಾತಿಗಳ ಮಕ್ಕಳಿಗೆ ಸರ್ಕಾರಿ ಶಾಲೆಗಳು ತೆರೆದವು. ಶೃಂಗೇರಿಯಲ್ಲಿ ಆ ಮಕ್ಕಳು ಒಳಗೆ ಬಂದರು. ಮೇಲುಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಜ್ಞೆಗೆ ಬಾಗಿಲು ತೆಗೆಸಲು ಬರುತ್ತದೆ, ಒಂದೇ ಮಣೆಯಲ್ಲಿ ಕೂರಿಸಲು ಬಾರದು.

ಭಾಗ್ಯರೆಡ್ಡಿ ವರ್ಮರು ಇನ್ನೊಬ್ಬರ ಬಾಗಿಲಲ್ಲಿ ಕಾಯಲಿಲ್ಲ. 1917ರ ನವೆಂಬರಿನಲ್ಲಿ ವಿಜಯವಾಡದ ಪಂಚಮರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ಪಂಚಮ’ ಎಂಬ ಹಣೆಪಟ್ಟಿ ನಮಗೆ ಬೇಡ, ಈ ನೆಲದ ಮೂಲಜನ ನಾವು ಎಂದು ಅವರು ಸಾರಿದ ಆ ದಿನಗಳಲ್ಲಿ, ಇವರೆಲ್ಲಿ ಒಳಗೆ ನುಗ್ಗುತ್ತಾರೋ ಎಂದು ಬೆಟ್ಟದ ಮೇಲಿನ ಕನಕದುರ್ಗೆಯ ಗುಡಿಗೆ ಬೀಗ ಬಿದ್ದಿತ್ತಂತೆ. ಇತ್ತ ಹೈದರಾಬಾದಿನಲ್ಲಿ ಎರಡಿದ್ದ ಶಾಲೆಗಳು ಬೆಳೆಯುತ್ತ 26 ಆದವು, ಮಕ್ಕಳ ಸಂಖ್ಯೆ ಎರಡು ಸಾವಿರ ದಾಟಿತು. 1931ರ ಜನಗಣತಿಯಲ್ಲಿ ನಿಜಾಮ ಸರ್ಕಾರ ಅವರ ಜನರನ್ನು ಆದಿಹಿಂದೂಗಳೆಂದು ಬರೆಸಿತು. ಅದೇ ದಶಕದಲ್ಲಿ ಶಾಲೆಗಳನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು. 1939ರ ಫೆಬ್ರವರಿಯಲ್ಲಿ ವರ್ಮರು ತೀರಿಕೊಂಡರು.

ಇಂಥ ಶಾಲೆಗಳನ್ನು ಭೇದದ ಗುರುತೆಂದು ತಳ್ಳಿಹಾಕುವವರುಂಟು. ನಾನು ಒಪ್ಪಲಾರೆ. ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ‘ಬೇರೆಯಾದರೂ ಸಮಾನ’ ಎಂಬುದು ಶಾಲೆಗಳಲ್ಲಿ ಸಲ್ಲದೆಂದು ತೀರ್ಪು ಕೊಟ್ಟಿತಷ್ಟೆ. ಆ ತೀರ್ಪನ್ನು ಗೆದ್ದುಕೊಟ್ಟ ಕರಿಯ ವಕೀಲ ಥರ್ಗುಡ್ ಮಾರ್ಷಲ್ ಓದಿದ್ದು ಕರಿಯರೇ ಹೆಚ್ಚಾಗಿ ಓದುತ್ತಿದ್ದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಬೇರೆ ಕೂರಿಸಿದ್ದು ಅವಮಾನ, ನಿಜ. ಕೂತಲ್ಲಿಯೇ ಓದಿ ಎದ್ದು ಬಂದದ್ದು ಅವರ ಸ್ವಂತ ಗಳಿಕೆ.

ಹೈದರಾಬಾದಿನಲ್ಲಿ ಇನ್ನೊಂದು ಲಿಂಗಂಪಲ್ಲಿಯಿದೆ, ನಗರದ ಪಡುವಣ ಅಂಚಿನಲ್ಲಿ, ಬೀದರಿನ ರೈಲು ಹಾದುಹೋಗುವಲ್ಲಿ. ಅದರ ಹತ್ತಿರವೇ ಇದೆ, 1974ರಲ್ಲಿ ಹುಟ್ಟಿದ ಹೈದರಾಬಾದ್ ವಿಶ್ವವಿದ್ಯಾಲಯ. ಸಂವಿಧಾನ ಬಂದು ಅಷ್ಟರಲ್ಲಿ ಕಾಲು ಶತಮಾನವಾಗುತ್ತ ಬಂದಿತ್ತು. ಪ್ರವೇಶ ಎಲ್ಲರಿಗೂ ಇತ್ತು, ಮೀಸಲಾತಿಯೂ ಇತ್ತು. ಆದರೂ 2016ರ ಜನವರಿಯಲ್ಲಿ, ಹಾಸ್ಟೆಲಿನಿಂದ ಹೊರಹಾಕಲಾಗಿದ್ದ ಐವರು ಸಂಶೋಧನ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲೇ ಬಯಲಲ್ಲಿ ಡೇರೆ ಹೂಡಿ, ಅದಕ್ಕೆ ಊರಾಚೆಯ ಕೇರಿಯ ಹೆಸರನ್ನೇ ಇಟ್ಟು, ‘ವೆಲಿವಾಡ’ ಎಂದು ಬರೆದರು. ಅವರಲ್ಲೊಬ್ಬರಾದ ರೋಹಿತ್ ವೇಮುಲ 17ರಂದು ಪ್ರಾಣ ಕಳೆದುಕೊಂಡರು. ಅವರ ಜಾತಿ ಯಾವುದೆಂಬ ತಗಾದೆ ಪೊಲೀಸರ ವರದಿಯವರೆಗೂ ಎಳೆದಾಡಿತು.

2025ರಲ್ಲಿ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲೇ ಒಂದು ಮಸೂದೆಯ ಕರಡು ಸಿದ್ಧಪಡಿಸಿತು. ಭೇದ ಮಾಡುವ ವಿದ್ಯಾಸಂಸ್ಥೆಗೆ ಸರ್ಕಾರದ ಅನುದಾನ ಸಿಗದು ಎಂಬ ಮಾತು ಅದರಲ್ಲಿತ್ತು. ಧಾರವಾಡದ ಹುಡುಗನ ಅರ್ಜಿಯ ಬೆನ್ನಿಗೆ 1858ರಲ್ಲಿ ಸರ್ಕಾರ ಇಟ್ಟುಕೊಂಡು, ಚಲಾಯಿಸಲು ಹಿಂಜರಿದದ್ದೂ ಇದೇ ಹಕ್ಕನ್ನು.