ಎರಡು ಬಾರಿ ತೆರವಾದ ನೆಲ: ನಾಗಪುರದ ಎಂಪ್ರೆಸ್ ಗಿರಣಿ

ನಾಗಪುರದ ಕೈಗಾರಿಕೆಯೆಂದೊಡನೆ ಇಂದು ನಗರದಂಚಿನ ಹಿಂಗಣಾ ವಸಾಹತು ನೆನಪಾಗುತ್ತದೆ. ಅದಕ್ಕೆ ಬಹು ಹಿಂದೆಯೇ ಊರ ನಡುವೆ, ಜುಮ್ಮಾ ತಲಾವಿನ ಬಳಿ, ಒಂದು ಗಿರಣಿ ತಲೆಯೆತ್ತಿತ್ತು. (ಗಿರಣಿ ಎಂಬ ಮಾತು ಮರಾಠಿಗೂ ಕನ್ನಡಕ್ಕೂ ಸಮಾನವಾದುದು.) ಜಮ್‌ಷೇಟ್‌ಜಿ ಟಾಟಾ ಅವರು 1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಕಂಪೆನಿಯನ್ನು ಸ್ಥಾಪಿಸಿ, ಅಲ್ಲಿಯ ಜವುಗು ನೆಲವನ್ನು ಕೊಂಡು ಮಣ್ಣು ತುಂಬಿಸಿದರು. ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದ 1877ರ ಜನವರಿ 1ರಂದೇ ಗಿರಣಿ ಆರಂಭವಾದುದರಿಂದ ಅದಕ್ಕೆ ಎಂಪ್ರೆಸ್ ಎಂದು ಹೆಸರಾಯಿತು. ಹಳ್ಳ ತುಂಬಲು ಚಿನ್ನ ಸುರಿಯುತ್ತಿದ್ದಾರೆಂದು ಸಾಲ ನಿರಾಕರಿಸಿದ ಸಾಹುಕಾರನೊಬ್ಬನು, ಮಣ್ಣು ಹಾಕಿ ಚಿನ್ನ ತೆಗೆದರೆಂದು ಮುಂದೆ ಒಪ್ಪಿಕೊಂಡನೆಂಬ ಕಥೆ ಟಾಟಾ ಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ. ಒಡೆಯರ ಪಾಲಿಗೆ ಅದು ಸೊಗಸಾದ ಕಥೆಯೇ ಸರಿ.

ಆದರೆ ಆ ನೆಲದ ಚರಿತ್ರೆ ದುಡಿದವರದೂ ಹೌದು. ಕಾರ್ಮಿಕರಲ್ಲಿ ಮಹಾರ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದರು. ನೂಲನ್ನು ಬಾಯಿಂದ ಹೀರಿ ಲಾಳಿಗೆ ತೂರಿಸಬೇಕಾಗಿದ್ದ ಕಾರಣ, ಅಂದಿನ ಬಟ್ಟೆ ಗಿರಣಿಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರೆನಿಸಿದವರನ್ನು ಸೇರಿಸುತ್ತಿರಲಿಲ್ಲ. ಮುಂಬಯಿಯ 1928ರ ಮುಷ್ಕರದ ವೇಳೆ ಅಂಬೇಡ್ಕರರು ಎತ್ತಿದ ಪ್ರಶ್ನೆಯಿದು. ನಾಗಪುರದ ದಲಿತ ಚಳವಳಿಗೆ ಗಿರಣಿಯ ಕೇರಿಗಳು ಕೊಟ್ಟ ಬಲವನ್ನು ಗಮನಿಸದೆ 1956ರ ದೀಕ್ಷೆಯ ಹಿನ್ನೆಲೆ ಪೂರ್ಣವಾಗದು.

1986ರಲ್ಲಿ ಗಿರಣಿ ರಾಜ್ಯದ ಜವಳಿ ನಿಗಮದ ವಶವಾಗಿ, 2002ರಲ್ಲಿ ಮುಚ್ಚಿತು. ಆ ನೆಲದಲ್ಲಿ ಎಂಪ್ರೆಸ್ ಸಿಟಿ ಎಂಬ ಮಳಿಗೆ, ವಸತಿಗಳ ಸಮುಚ್ಚಯ ಎದ್ದಿತು. ಹೆಸರೊಂದೇ ಉಳಿಯಿತೆನ್ನಬೇಕು. ಬೆಂಗಳೂರಿನ ಮಲ್ಲೇಶ್ವರದ ರಾಜಾ ಮಿಲ್ಲಿಗೆ ಆ ಭಾಗ್ಯವೂ ಇಲ್ಲ. ಅಲ್ಲಿ 2010ರಲ್ಲಿ ತೆರೆದ ಮಾಲ್ ಬೇರೆ ಹೆಸರನ್ನು ಹೊತ್ತಿದೆ.

ಬಾಯ್ಲರಿನ ಬೂದಿ, ಯಂತ್ರದ ಎಣ್ಣೆ, ಬಣ್ಣದ ನೀರು ಇವು ಯಾವ ಹಳೆಯ ಗಿರಣಿಯ ಮಣ್ಣಿಗೂ ಇಳಿಯುವಂಥವು. ಕಟ್ಟಡ ಕೆಡವಿದ ಮಾತ್ರಕ್ಕೆ ನೆಲ ಶುದ್ಧವಾಗದು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದಾಗ ಉಳಿದ ಸಯನೈಡ್ ದಿಬ್ಬಗಳು ಕಣ್ಣಿಗೆ ಕಾಣುತ್ತವೆ, ಗಾಳಿಗೆ ಧೂಳಾಗಿ ಮನೆಗಳಿಗೆ ನುಗ್ಗುತ್ತವೆ. ಗಿರಣಿಯ ಶೇಷವಾದರೋ ಹೊಸ ನೆಲಹಾಸಿನ ಕೆಳಗೆ ಮರೆಯಾಗಬಲ್ಲದು. ಎಂಪ್ರೆಸ್ಸಿನ ನೆಲ ಕೈ ಬದಲಿಸಿದ ಕಾಲಕ್ಕೆ ಮಲಿನ ನೆಲವನ್ನು ಗುರುತಿಸಿ ಶುದ್ಧಗೊಳಿಸುವ ಪ್ರತ್ಯೇಕ ನಿಯಮಗಳೇ ದೇಶದಲ್ಲಿರಲಿಲ್ಲ. ಅವು ಹೊರಬಂದುದು 2025ರಲ್ಲಿ. ಗಣಿಗಾರಿಕೆಯ ಮಾಲಿನ್ಯವನ್ನು ಅವೂ ಸಾಮಾನ್ಯವಾಗಿ ತಮ್ಮ ವ್ಯಾಪ್ತಿಯಿಂದ ಹೊರಗಿರಿಸಿವೆ.