ಬಾಗಿಲು ಕಾದ ಊರು, ಜೋಳ ತಂದ ದಾರಿ

ಹೆಣಗಳು ಎದ್ದು ಓಡಾಡುವ ಜೋಂಬಿ ವಿಡಿಯೊ ಆಟಗಳಲ್ಲಿ ಗುಂಡು ಹಾರಿಸುವುದಕ್ಕಿಂತ ಕಷ್ಟದ ಕೆಲಸ ತೀರ್ಮಾನ ಮಾಡುವುದು. 2012ರಲ್ಲಿ ಟೆಲ್‌ಟೇಲ್ ಕಂಪನಿ ಹೊರತಂದ ‘ದಿ ವಾಕಿಂಗ್ ಡೆಡ್’ ಆಟದ ಎರಡನೆಯ ಕಂತಿನಲ್ಲಿ ಆಟಗಾರನ ಕೈಗೆ ನಾಲ್ಕೇ ನಾಲ್ಕು ತಿನಿಸು ಬರುತ್ತವೆ. ಹಸಿದವರು ಅದಕ್ಕಿಂತ ಎಷ್ಟೋ ಹೆಚ್ಚು. ಯಾರಿಗೆ ಕೊಡಬೇಕು, ಯಾರನ್ನು ಬಿಡಬೇಕು ಎಂಬುದು ಅವನಿಗೇ ಬಿಟ್ಟದ್ದು. ಪ್ರಶ್ನೆಯೇನೋ ಎದೆಗೆ ನಾಟುವಂಥದ್ದೇ. ಆದರೆ ತಿನಿಸು ನಾಲ್ಕೇ ಏಕೆ ಉಳಿಯಿತು, ಐದನೆಯದು ಯಾವ ದಾರಿಯಿಂದ ಬರಬಹುದಿತ್ತು ಎಂದು ಕೇಳಲು ಅಲ್ಲಿ ಎಡೆಯಿಲ್ಲ. ಹೊರಗೆ ಸಾವು, ಒಳಗೆ ನಾವು, ನಡುವೆ ಬಾಗಿಲು. ಇಂಥ ಆಟಗಳ ಲೋಕ ಬಹುಪಾಲು ಇಷ್ಟೇ. ಕೋಟೆಯ ಊರಾದ ಕಲಬುರಗಿಗೆ ಈ ಚಿತ್ರ ಒಪ್ಪುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಅದರ ಬರ ಮತ್ತು ಬೇನೆಗಳ ಚರಿತ್ರೆ ಮಾತ್ರ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಜನ ಉಳಿದದ್ದೂ ಅಳಿದದ್ದೂ ಬಾಗಿಲು ಎಷ್ಟು ಗಟ್ಟಿ ಎಂಬುದರಿಂದಲ್ಲ, ದಾರಿಯಲ್ಲಿ ಏನು ಬಂತು, ಯಾರಿಗಾಗಿ ಬಂತು ಎಂಬುದರಿಂದ.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಎರಡನೆಯ ಮುಹಮ್ಮದ್ ಷಾ ಆಳಿದ 1378ರಿಂದ 1397ರ ನಡುವೆ ದಖ್ಖನಿಗೆ ದೊಡ್ಡ ಬರ ಬಡಿಯಿತು. ಕಣಜ ಬರಿದಾದಾಗ ಕೋಟೆಯ ಗೋಡೆ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಸುಲ್ತಾನ ಮಾಡಿದ್ದು ಆಸ್ಥಾನದ ಹೇರೆತ್ತುಗಳನ್ನು ಬರವಿಲ್ಲದ ಗುಜರಾತ್, ಮಾಳವಗಳಿಗೆ ಅಟ್ಟಿ ಧಾನ್ಯ ತರಿಸಿ ಅಗ್ಗಕ್ಕೆ ಮಾರಿಸಿದ್ದು. ಜೊತೆಗೆ ಕಲಬುರಗಿ, ಬೀದರ್, ದೌಲತಾಬಾದ್, ಚೌಲ್, ದಾಭೋಳ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಅನ್ನ, ವಸತಿ, ಪಾಠ ಮೂರೂ ಸಿಗುವ ಶಾಲೆಗಳನ್ನು ತೆರೆಸಿದ. ಇದನ್ನೆಲ್ಲ ಎರಡು ಶತಮಾನಗಳ ಮೇಲೆ ಬಿಜಾಪುರದ ಆಸರೆಯಲ್ಲಿ ಬರೆದ ಚರಿತ್ರೆಕಾರ ಫರಿಷ್ತಾನಂಥವರ ಮಾತು ಅರಸರ ಹೊಗಳಿಕೆಯಲ್ಲವೇ ಎಂದು ಕೇಳಬಹುದು. ಇರಬಹುದು. ಆದರೆ ಬರಿಯ ಹೊಗಳಿಕೆಗೆ ‘ದಾನಶೂರ’ ಎಂಬ ಒಂದು ಮಾತು ಸಾಕಿತ್ತು. ಇಂತಿಂಥ ಊರು ಎಂದು ಕಡಲ ಬಂದರುಗಳವರೆಗೆ ಪಟ್ಟಿ ಕೊಡಬೇಕಾಗಿರಲಿಲ್ಲ. ಇನ್ನೊಂದು ಮಾತೂ ಉಂಟು, ಅದನ್ನು ಮುಚ್ಚಿಡಬಾರದು. ಅಗ್ಗದ ಆ ಧಾನ್ಯ ಮುಸ್ಲಿಮರಿಗೆ ಮಾತ್ರ ಸಿಕ್ಕಿತೆಂದು ಇತಿಹಾಸಕಾರ ವೂಲ್ಸ್‌ಲಿ ಹೇಗ್ ಬರೆದಿದ್ದಾನೆ. ಅದು ನಿಜವಾದರೆ ದಾರಿ ತೆರೆದಿದ್ದರೂ ದಾರಿಯ ಕೊನೆಯಲ್ಲೊಂದು ಬಾಗಿಲಿತ್ತು ಎಂದಾಯಿತು.

ಎತ್ತಿನ ಮೇಲೆ ಧಾನ್ಯ ಹೇರಿ ನಾಡಿನಿಂದ ನಾಡಿಗೆ ಸಾಗಿಸುವುದನ್ನೇ ಕಸುಬಾಗಿಸಿಕೊಂಡಿದ್ದವರು ಲಂಬಾಣಿಗಳು. ಮೊಗಲರ ಕಾಲದ ದಂಡುಗಳು ದಖ್ಖನಿನಲ್ಲಿ ತಿಂಗಳುಗಟ್ಟಲೆ ಬೀಡುಬಿಡಲು ಆದದ್ದು ಇವರ ಹೇರೆತ್ತುಗಳಿಂದ. ತಲೆಬುರುಡೆಗಳ ಬರವೆಂದೇ ನೆನಪಿನಲ್ಲಿ ಉಳಿದ 1791-92ರ ಡೋಗಿ ಬರದಲ್ಲಿ ಸತ್ತವರನ್ನು ಹೂಳುವವರೂ ಇರಲಿಲ್ಲ. ಮೇವು ನೀರಿಲ್ಲದ ಅಂಥ ವರ್ಷದಲ್ಲಿ ಹೇರೆತ್ತಾದರೂ ಎಷ್ಟು ದೂರ ನಡೆದೀತು? ಈ ಕೊರತೆಯನ್ನು ರೈಲು ನೀಗಿಸುತ್ತದೆ ಎಂದು ಆಮೇಲಿನವರು ನಂಬಿದರು. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಕಲಬುರಗಿ ಆ ದಾರಿಯ ಮೇಲಿನ ಊರು. ಐದೇ ವರ್ಷಕ್ಕೆ ಧಾತು-ಈಶ್ವರ ಸಂವತ್ಸರಗಳ ಬರ ಬಂತು. ರೈಲು ಧಾನ್ಯ ತಂದಿತು, ಧಾನ್ಯ ಒಯ್ದಿತು ಕೂಡ. ದಖ್ಖನಿನಲ್ಲಿ ಜನ ಸಾಯುತ್ತಿರುವಾಗಲೇ ಭಾರತದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತಿತು. ‘ದಾರಿಯೇ ಜೀವ’ ಎನ್ನುವವರಿಗೆ ಇದು ಬಲವಾದ ಪೆಟ್ಟು. ಮುಹಮ್ಮದ್ ಷಾನ ಎತ್ತುಗಳಿಗೂ ವೈಸ್‌ರಾಯ್ ಲಾರ್ಡ್ ಲಿಟ್ಟನ್ ಕಾಲದ ರೈಲಿಗೂ ಇದ್ದ ಅಂತರ ವೇಗದ್ದಲ್ಲ. ಎತ್ತು ಹೊರಟದ್ದು ಅರಸನ ಅಪ್ಪಣೆಯ ಮೇಲೆ, ಗೋಧಿ ಹೊರಟದ್ದು ಸಂತೆಯ ಬೆಲೆಯನ್ನು ನೋಡಿ. ಹಸಿದವನ ಕೈಯಲ್ಲಿ ಕಾಸಿಲ್ಲವೆಂದರೆ ಸಂತೆಯ ಲೆಕ್ಕದಲ್ಲಿ ಅವನಿಗೆ ಹಸಿವೂ ಇಲ್ಲ. ಇತ್ತ ರೈಲು ಮತ್ತು ಹೊಸ ರಸ್ತೆ ಲಂಬಾಣಿಗಳ ಹೇರನ್ನು ಕಸಿದುಕೊಂಡವು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಮುತ್ತ ಲಂಬಾಣಿಗಳ ತಾಂಡಾಗಳಿವೆ. ಒಂದು ಕಾಲಕ್ಕೆ ಊರೂರಿಗೆ ಧಾನ್ಯ ಮುಟ್ಟಿಸಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿಂದ ಕಟ್ಟಡ ಕೆಲಸಕ್ಕೆಂದು ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ.

ಬರದ ಮಾತು ಬೇರೆ, ಅಂಟುರೋಗದ ಮಾತು ಬೇರೆ ಎಂಬ ಆಕ್ಷೇಪ ಹಗುರವಾದುದಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್, 1918ರ ಇನ್‌ಫ್ಲುಯೆಂಜಾ ಎರಡೂ ಒಳನಾಡಿಗೆ ಹರಡಿದ್ದು ರೈಲಿನ ದಾರಿ ಹಿಡಿದು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಮಡಿದ ಕಲಬುರಗಿಯವರೊಬ್ಬರದು. ಅವರು ವಿದೇಶದಿಂದ ಮರಳಿದ್ದರು. ಮರುದಿನವೇ ಕರ್ನಾಟಕ ಸರ್ಕಾರ ನಿಯಮಾವಳಿ ಹೊರಡಿಸಿತು, ಅದೂ ಪ್ಲೇಗಿನ ಕಾಲದ 1897ರ ಕಾಯ್ದೆಯಡಿ. ಹಾಗಾದರೆ ಬಾಗಿಲು ಮುಚ್ಚುವುದೇ ಜಾಣತನವಲ್ಲವೇ? ಮುಚ್ಚುವುದರಲ್ಲೂ ಎರಡು ಬಗೆಯಿದೆ. ಬಂದವನನ್ನು ಒಳಗೆ ಕರೆದು, ಶಾಲೆಯಲ್ಲೋ ಹಾಸ್ಟೆಲ್ಲಿನಲ್ಲೋ ಬೇರೆ ಇರಿಸಿ, ಊಟ ಕೊಟ್ಟು, ಪರೀಕ್ಷೆ ಮಾಡುವುದು ಒಂದು. ಗಡಿಯಾಚೆಗೇ ನಿಲ್ಲಿಸಿ ಅವನ ಪಾಡಿಗೆ ಬಿಡುವುದು ಇನ್ನೊಂದು. ಮೊದಲನೆಯದು ರೋಗವನ್ನು ತಡೆಯುತ್ತದೆ, ಎರಡನೆಯದು ಮನುಷ್ಯನನ್ನು. ಜೋಂಬಿ ಆಟಗಳಲ್ಲಿ ಈ ವ್ಯತ್ಯಾಸ ಅಳಿದುಹೋಗುತ್ತದೆ, ಏಕೆಂದರೆ ಅಲ್ಲಿ ಸೋಂಕು ತಗುಲಿದವನು ಆಗಲೇ ಸತ್ತವನು. ಕೋವಿಡ್ ತಗುಲಿದವರಲ್ಲಿ ಹೆಚ್ಚಿನವರು ಗುಣವಾಗಿ ಮನೆಗೆ ಹೋದರು. ಅಪಾಯ ಹೊರಗಿನಿಂದಲೇ ಬರುತ್ತದೆ ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಎಲ್ಲವೂ ಬಂದ್ ಆಗಿದ್ದ ಏಪ್ರಿಲ್ 16ರಂದು ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ನಿಷೇಧ ಮೀರಿ ತೇರು ಎಳೆದವರು ಯಾವ ಗಡಿಯನ್ನೂ ದಾಟಿ ಬಂದವರಲ್ಲ.

ಮೇ ತಿಂಗಳಲ್ಲಿ ಗುಳೆ ಹೋದವರು ಮರಳತೊಡಗಿದಾಗ ಜಿಲ್ಲೆಯ ಸೋಂಕಿನ ಲೆಕ್ಕ ಏರಿತು, ಹೆಚ್ಚಿನವು ಮಹಾರಾಷ್ಟ್ರದಿಂದ ಬಂದವರವೇ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಪಾಸು ಪಡೆದು ಗಡಿ ದಾಟಿದವರು ಕ್ವಾರಂಟೈನ್ ಕೇಂದ್ರಗಳಾಗಿದ್ದ ಸರ್ಕಾರಿ ಶಾಲೆಗಳಲ್ಲಿ ಮಲಗಿದರು. ಆ ಶಾಲೆಗಳ ಊಟ, ಶೌಚಾಲಯಗಳ ಬಗ್ಗೆ ದೂರುಗಳಿಗೆ ಕೊನೆಯಿರಲಿಲ್ಲ; ಆದರೂ ಅದು ಒಳಗೆ ಕರೆದುಕೊಳ್ಳುವ ಬಗೆಯೇ ಆಗಿತ್ತು. ಮೇ 18ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದು ಪ್ರಕಟಿಸಿದರು. ಒಂದೇ ತಾಂಡಾದವರಲ್ಲಿ ಅದಕ್ಕೆ ಮೊದಲು ಪಾಸು ಸಿಕ್ಕವನು ಶಾಲೆಯ ಕೋಣೆ ಸೇರಬಹುದಿತ್ತು, ಸಿಗದವನು ಕೂಲಿಯೂ ರೇಷನ್ನೂ ಇಲ್ಲದ ಮುಂಬೈಯಲ್ಲೇ ಕಾಯಬೇಕಿತ್ತು.