ಫೈಬರ್ ದೋಣಿಯ ಹೊರಮೈಗೆ ಮೇಣದ ಆಯ್ಕೆ

ಫೈಬರ್ ದೋಣಿಗಳ ಹೊರಮೈಯ ಜೆಲ್‌ಕೋಟ್ ಪದರವು ಬಿಸಿಲು ಹಾಗೂ ಉಪ್ಪುನೀರಿನಿಂದ ಕ್ರಮೇಣ ಮಂಕಾಗಿ, ಮುಟ್ಟಿದರೆ ಸೀಮೆಸುಣ್ಣದಂತಹ ಪುಡಿ ಬಿಡುತ್ತದೆ. ಮೇಣವು ಈ ಸವೆತವನ್ನು ನಿಧಾನಗೊಳಿಸುತ್ತದೆಯೇ ಹೊರತು ಈಗಾಗಲೇ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಆದುದರಿಂದ ಹೊರಮೈಯ ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಮೇಣವನ್ನು ಆರಿಸುವುದು ಸೂಕ್ತ.

1. ಹೊಳಪು ಉಳಿದಿರುವ ಮೈ: ಉಜ್ಜುವ ಕಣಗಳಿಲ್ಲದ ಮೇಣ ಸಾಕು. ತಾಳೆ ಜಾತಿಯ ಮರದ ಎಲೆಯಿಂದ ದೊರೆಯುವ ಕಾರ್ನೌಬಾ ಮೇಣವು ಉತ್ತಮ ಹೊಳಪು ನೀಡುತ್ತದೆ. ಕೃತಕ ಪಾಲಿಮರ್ ಲೇಪನವು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ.
2. ತುಸು ಮಂಕಾದ ಮೈ: ನಯವಾದ ಉಜ್ಜುವ ಕಣಗಳು ಬೆರೆತ ಕ್ಲೀನರ್ ವ್ಯಾಕ್ಸ್.
3. ಪುಡಿ ಬಿಡುವ ಮೈ: ಮೊದಲು ರಬ್ಬಿಂಗ್ ಕಾಂಪೌಂಡ್‌ನಿಂದ ಉಜ್ಜಿ, ತೊಳೆದು, ಒಣಗಿಸಿ, ಬಳಿಕ ಮೇಣ ಹಚ್ಚತಕ್ಕದ್ದು.

ಎಚ್ಚರಿಕೆ: ಕಾಲು ಜಾರುವ ಅಪಾಯವಿರುವುದರಿಂದ ಡೆಕ್‌ಗೆ ಮೇಣ ಹಚ್ಚಬಾರದು. ನೀರಿನಲ್ಲಿ ಮುಳುಗುವ ಭಾಗಕ್ಕೆ ಹಚ್ಚಿದಲ್ಲಿ, ಚಿಪ್ಪುಜೀವಿಗಳು ಅಂಟದಂತೆ ಬಳಿಯುವ ಬಣ್ಣವು ಹಿಡಿಯುವುದಿಲ್ಲ. ಬಿರುಕುಗಳ ದುರಸ್ತಿಯನ್ನು ಮೇಣ ಹಚ್ಚುವ ಮೊದಲೇ ಪೂರೈಸುವುದು. ಮೇಣ, ವಿಶೇಷವಾಗಿ ಸಿಲಿಕೋನ್ ಬೆರೆತದ್ದು, ರಾಳವು ಅಂಟಿಕೊಳ್ಳುವುದನ್ನು ತಡೆಯುತ್ತದೆ.

ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಈ ಕಾರ್ಯವನ್ನು ಕೈಗೊಳ್ಳಬಹುದು. ಮಳೆಗಾಲವಾದುದರಿಂದ ಮಾಡಿನ ಅಡಿಯಲ್ಲಿ, ಮೈ ಪೂರ್ಣವಾಗಿ ಒಣಗಿದ ನಂತರವೇ ಮೇಣ ಹಚ್ಚುವುದು.